ಯಾವ ನುಡಿಯಲ್ಲಿ ಹೇಳುವುದು?

ವಿಜಯ್ ಅಯ್ಯರ್ ಇಂದಿನ ಜಾಝ್ ಸಂಗೀತದ ಪ್ರಮುಖ ಪಿಯಾನೋ ವಾದಕರಲ್ಲಿ ಒಬ್ಬರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೂ ಅವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ತಾಯ್ನುಡಿಯು ಹುಟ್ಟಿನಿಂದ ತಾನಾಗಿ ಬರುವ ಸೊತ್ತೋ, ದುಡಿದು ಗಳಿಸಬೇಕಾದ ವಿದ್ಯೆಯೋ ಎಂಬ ಚರ್ಚೆ ನಮ್ಮ ತರಗತಿಗಳಲ್ಲಿ ಆಗಾಗ ಏಳುತ್ತದೆ. ಆ ಚರ್ಚೆಗೆ ಈ ಕಲಾವಿದರ ಬದುಕಿನಿಂದ ಬೆಳಕು ಸಿಗುತ್ತದೆಂಬುದು ನನ್ನ ಅಭಿಪ್ರಾಯ.

ವಿಜಯ್ 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ, ಅಮೆರಿಕಕ್ಕೆ ವಲಸೆ ಹೋದ ತಮಿಳು ಕುಟುಂಬದಲ್ಲಿ ಜನಿಸಿದರು. ಮೂರನೆಯ ವಯಸ್ಸಿನಿಂದ ಹದಿನೈದು ವರ್ಷ ಪಾಶ್ಚಾತ್ಯ ಪದ್ಧತಿಯ ಪಿಟೀಲು ಕಲಿತರು. ಪಿಯಾನೋವನ್ನು ಬಹುಮಟ್ಟಿಗೆ ಕಿವಿಯಿಂದ ಕೇಳಿ ತಾವೇ ರೂಢಿಸಿಕೊಂಡರು. ಯೇಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತವಿಜ್ಞಾನ ಓದಿ, ಬರ್ಕ್ಲಿಯಲ್ಲಿ ಭೌತವಿಜ್ಞಾನದ ಸಂಶೋಧನೆಗೆ ಸೇರಿದವರು ನಡುದಾರಿಯಲ್ಲಿ ಸಂಗೀತದ ಕಡೆಗೆ ತಿರುಗಿದರು. 1995ರಲ್ಲಿ ಮೊದಲ ಧ್ವನಿಮುದ್ರಿಕೆ ಬಂತು. 1998ರಲ್ಲಿ ಡಾಕ್ಟರೇಟ್ ದೊರೆಯಿತು. 2013ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಂದಿತು. 2014ರಿಂದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು.

ಜಾಝ್ ಅವರ ಮನೆತನದ ಸಂಗೀತವಲ್ಲ. ಅಮೆರಿಕದ ಕಪ್ಪು ಜನರು ನೋವುಂಡು ಕಟ್ಟಿದ ಸಂಗೀತವದು. ವಿಜಯ್ ಈ ಋಣವನ್ನು ಮರೆಮಾಚುವುದಿಲ್ಲ. ಸ್ಟೀವ್ ಕೋಲ್‌ಮನ್, ಜಾರ್ಜ್ ಲೂಯಿಸ್ ಮೊದಲಾದ ಹಿರಿಯ ಕಪ್ಪು ಕಲಾವಿದರ ಒಡನಾಟದಲ್ಲಿ ಅವರು ಬೆಳೆದರು. ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಪರಿಚಯವಾದದ್ದೂ ಕೋಲ್‌ಮನ್ ಮೂಲಕವೇ. ರುದ್ರೇಶ್ ಸಹ 1971ರಲ್ಲಿ ಹುಟ್ಟಿದವರು. ಕರ್ನಾಟಕದಿಂದ ಹೋದ ದಂಪತಿಗಳ ಮಗನಾಗಿ ಇಟಲಿಯ ಟ್ರಿಯೆಸ್ಟೆಯಲ್ಲಿ ಜನಿಸಿ, ಕೊಲರಾಡೊ ರಾಜ್ಯದ ಬೋಲ್ಡರಿನಲ್ಲಿ ಬೆಳೆದರು. ಹೀಗೆ ತಮಿಳು ಮನೆಯ ಪಿಯಾನೋ ಮತ್ತು ಕನ್ನಡ ಮನೆಯ ಸ್ಯಾಕ್ಸೊಫೋನ್ ಮೂರನೆಯವರ ಅಂಗಳದಲ್ಲಿ ಜೊತೆಗೂಡಿದವು.

2004ರಲ್ಲಿ ರುದ್ರೇಶ್ ಹೊರತಂದ ಧ್ವನಿಮುದ್ರಿಕೆಯ ಹೆಸರು 'ಮದರ್ ಟಂಗ್'. ಅದರಲ್ಲಿ ಪಿಯಾನೋ ನುಡಿಸಿದವರು ವಿಜಯ್. 'ನೀವು ಇಂಡಿಯನ್ ಮಾತಾಡುತ್ತೀರಾ?' ಎಂಬುದು ಅಮೆರಿಕದಲ್ಲಿ ಭಾರತೀಯ ಮೂಲದವರಿಗೆ ಎದುರಾಗುವ ಪ್ರಶ್ನೆ. ರುದ್ರೇಶ್ ಅದೇ ಪ್ರಶ್ನೆಯನ್ನು ಹಲವರಿಗೆ ಕೇಳಿ, ಅವರವರ ತಾಯ್ನುಡಿಯಲ್ಲಿ ಉತ್ತರಿಸಲು ಹೇಳಿ, ಆ ಉತ್ತರಗಳನ್ನು ಮುದ್ರಿಸಿಕೊಂಡರು. ಬಳಿಕ ಆ ಮಾತಿನ ಏರಿಳಿತಗಳನ್ನು ಸ್ವರಲಿಪಿಗೆ ಇಳಿಸಿ, ಅವುಗಳಿಂದ ಕೃತಿಗಳನ್ನು ರಚಿಸಿದರು. ಒಂದರ ಹೆಸರು 'ಕನ್ನಡ', ಇನ್ನೊಂದರದು 'ತಮಿಳು'. ಕೊಂಕಣಿ, ತೆಲುಗು, ಮಲಯಾಳ, ಗುಜರಾತಿಗಳೂ ಇವೆ. ಅಜ್ಞಾನದ ಪ್ರಶ್ನೆಯೊಂದಕ್ಕೆ ಇದಕ್ಕಿಂತ ಸಭ್ಯವಾದ, ಇದಕ್ಕಿಂತ ಖಚಿತವಾದ ಉತ್ತರವನ್ನು ನಾನು ಕಂಡಿಲ್ಲ.

ಅದೇ ಕಾಲಕ್ಕೆ ವಿಜಯ್ ಅವರು ಕವಿ ಮೈಕ್ ಲ್ಯಾಡ್ ಅವರೊಡನೆ ರಚಿಸಿದ ಕೃತಿಯ ಹೆಸರು 'ಇನ್ ವಾಟ್ ಲ್ಯಾಂಗ್ವೇಜ್?', ಎಂದರೆ 'ಯಾವ ನುಡಿಯಲ್ಲಿ?'. 2001ರಲ್ಲಿ ಇರಾನಿನ ಚಲನಚಿತ್ರ ನಿರ್ದೇಶಕ ಜಾಫರ್ ಪನಾಹಿ ಅವರನ್ನು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ತಡೆದು ಬಂಧನದಲ್ಲಿಟ್ಟಿದ್ದರು. ತಾನು ಕಳ್ಳನಲ್ಲವೆಂದು ಸಹಪ್ರಯಾಣಿಕರಿಗೆ ಯಾವ ಭಾಷೆಯಲ್ಲಿ ಹೇಳಲಿ ಎಂಬ ಅವರ ಸಂಕಟವೇ ಈ ಹೆಸರಿನ ಮೂಲ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಕಡಯಂಪಟ್ಟಿಯ ಸುತ್ತ, ಓಮಲೂರಿನಿಂದ ಧರ್ಮಪುರಿಯತ್ತ ಹರಡಿದ ಊರುಗಳಲ್ಲಿ, ಮನೆಯೊಳಗೆ ಕನ್ನಡವನ್ನೂ ಸಂತೆ, ಶಾಲೆ, ಕಚೇರಿಗಳಲ್ಲಿ ತಮಿಳನ್ನೂ ಆಡುತ್ತ ಬಾಳುವ ಕುಟುಂಬಗಳಿವೆ. ಇಲ್ಲಿಯವರಿಗೆ ನಮ್ಮ ಮಕ್ಕಳು ಕನ್ನಡದವರು. ಬೆಂಗಳೂರಿಗೆ ಹೋದರೆ ಅವರ ಮಾತು ತಮಿಳಿನಂತೆ ಕೇಳಿಸುತ್ತದೆ. ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಕಲಿತ ನನಗೆ ಈ ಇಕ್ಕಟ್ಟು ಹೊಸದಲ್ಲ. ಜ್ಞಾನೇಶ್ವರರು ಪಂಢರಪುರದ ವಿಠಲನನ್ನು 'ಕಾನಡಾ' ಎಂದು ಕರೆದರು. ಮರಾಠಿಯಲ್ಲಿ ಆ ಪದಕ್ಕೆ ಕನ್ನಡದವನು ಎಂಬ ಅರ್ಥವೂ ಉಂಟು, ಸುಲಭವಾಗಿ ಅರ್ಥವಾಗದವನು ಎಂಬ ಅರ್ಥವೂ ಉಂಟು. ಗಡಿಯಲ್ಲಿ ಬಾಳುವ ನುಡಿಗೆ ಈ ಎರಡೂ ಹೆಸರುಗಳು ಅಂಟಿಕೊಂಡೇ ಬರುತ್ತವೆ.

ಇದಕ್ಕೆ ಅಭಿಮಾನವೊಂದೇ ಮದ್ದೆನ್ನುವವರಿದ್ದಾರೆ. ನಾನು ಒಪ್ಪಲಾರೆ. ರುದ್ರೇಶ್ ಬೋಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ, ಅವರ ಸೋದರ ತಮಾಷೆಗೆಂದು ಕದ್ರಿ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟರು. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ ಹುಟ್ಟಿ, ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ಆ ಹಿರಿಯರೊಡನೆ ರುದ್ರೇಶ್ ಮುಂದೆ ಕೂಡಿ ನುಡಿಸಿದರು. 2008ರಲ್ಲಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ಹೊರಬಂತು. ರುದ್ರೇಶರಿಗೆ ಕನ್ನಡದ ಹೆಸರು ತಂದೆತಾಯಿಗಳಿಂದ ಬಂದಿತ್ತು. ಕರ್ನಾಟಕ ಸಂಗೀತ ಮಾತ್ರ ಹೆಸರಿನ ಜೊತೆಗೆ ಬರಲಿಲ್ಲ. ಅದನ್ನು ಕೇಳಿ, ಕಲಿತು, ಗಳಿಸಬೇಕಾಯಿತು.

ಕೇಳುವುದೆಂದರೇನು ಎಂಬುದಕ್ಕೆ ವಿಜಯ್ ಅವರ ಸಂಶೋಧನೆ ನೆರವಾಗುತ್ತದೆ. ಲಯವು ಮನುಷ್ಯನ ದೇಹದಲ್ಲಿ ನೆಲೆಸಿರುವ ಅರಿವೆಂದೂ, ಲಿಪಿಗೆ ಸಿಗದ ಸೂಕ್ಷ್ಮ ಕಾಲವ್ಯತ್ಯಾಸಗಳಲ್ಲಿಯೇ ಆಫ್ರಿಕನ್ ಮೂಲದ ಸಂಗೀತದ ಸೊಗಸು ಅಡಗಿದೆಯೆಂದೂ ಅವರ ವಾದ. ನೀವು ಛಂದಸ್ಸಿನ ಪಾಠದಲ್ಲಿ ಓದುವ ಅಂಶಗಣವೂ ಇಂಥದೇ. ತ್ರಿಪದಿಯನ್ನು ಕಾಗದದ ಮೇಲೆ ಮಾತ್ರೆ ಎಣಿಸಿ ನೋಡಿದರೆ ಲೆಕ್ಕ ತಪ್ಪಿದಂತೆ ತೋರುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವವಳ ಕಂಠದಲ್ಲಿ ಅಕ್ಷರಗಳು ಹಿಗ್ಗಿ ಕುಗ್ಗಿ ಸರಿಹೊಂದುತ್ತವೆ.

ಆದುದರಿಂದ ವಿಭಾಗದ ಮುಂದೆ ಒಂದು ಸಲಹೆ ಇಡುತ್ತೇನೆ. ಪ್ರತಿ ವಿದ್ಯಾರ್ಥಿಯೂ ಈ ವರ್ಷ ತನ್ನ ಮನೆಯ ಅಥವಾ ಕೇರಿಯ ಹಿರಿಯರೊಬ್ಬರ ಒಂದು ಗಂಟೆಯ ಮಾತನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಮುದ್ರಿಸಲಿ. ರಾಗಿ ಹೊಲದ ಕೆಲಸ, ಮದುವೆಯ ಶಾಸ್ತ್ರ, ಮಗು ಮಲಗಿಸುವ ಪದ, ವಿಷಯ ಯಾವುದಾದರೂ ಆಗಲಿ. ಅದನ್ನು ಬರೆದಿಳಿಸುವಾಗ ತಮಿಳು ಪದ ಬಂದರೆ ತಿದ್ದಬಾರದು. ಮಾತು ಎಲ್ಲಿ ಏರಿತು, ಎಲ್ಲಿ ನಿಂತಿತು ಎಂಬುದನ್ನೂ ಗುರುತಿಸಬೇಕು.

ಪಠ್ಯಕ್ರಮ ಮುಗಿಸಲೇ ಸಮಯ ಸಾಲದಿರುವಾಗ ಇದೇಕೆ ಎಂಬ ಆಕ್ಷೇಪ ಬರಬಹುದು. ಪಠ್ಯಗಳು ಗ್ರಂಥಾಲಯದಲ್ಲಿ ನಮಗಾಗಿ ಕಾಯುತ್ತವೆ. ಎಂಬತ್ತು ದಾಟಿದ ಅಜ್ಜಿಯರು ಕಾಯಲಾರರು. ಅವರ ಕನ್ನಡ ಸೇಲಂ, ಧರ್ಮಪುರಿಗಳ ಮಣ್ಣಿನಲ್ಲಿ ಬೆಳೆದ ಕನ್ನಡ. ತಮಿಳಿನ ನೆರೆಯಿಂದ ಪಡೆದದ್ದನ್ನು ಅದು ಮುಚ್ಚಿಡುವುದಿಲ್ಲ, ನಾವೂ ಮುಚ್ಚಿಡಬೇಕಿಲ್ಲ. ಅದನ್ನು ಕಿವಿಗೊಟ್ಟು ಕೇಳಿ, ಶಾಸ್ತ್ರಬದ್ಧವಾಗಿ ಓದುವವರು ಬೇರೆಡೆಯಿಂದ ಬರುವುದಿಲ್ಲ. ಆ ಕೆಲಸ ನಿಮ್ಮದು.