ಕಣ್ಣಿಲ್ಲದಿದ್ದರೂ ಕಾಯಕ ಬಿಡದ ಮೆದುಳು

ಕಳೆದ ಶ್ರಾವಣದಲ್ಲಿ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದೆ. ಮುಂಡರಗಿ ಕಡೆಯ ರೈತ ದಂಪತಿಗಳು ಎಂಟು ವರ್ಷದ ಮಗನೊಡನೆ ಅಲ್ಲಿ ಕುಳಿತಿದ್ದರು. ಬಾಲಕನು ಹುಟ್ಟುಕುರುಡ. ಒಳಗೆ ಯಾರೋ ತಬಲಾ ಸಾಧನೆ ನಡೆಸಿದ್ದರು. ಮಗನನ್ನು ಇಲ್ಲಿ ಬಿಡಬೇಕೋ ಬೇಡವೋ ಎಂಬ ತೊಳಲಾಟದಲ್ಲಿದ್ದ ತಂದೆ ನನ್ನನ್ನು ಕೇಳಿದರು: “ಶಾಸ್ತ್ರಿಗಳ, ಕಣ್ಣ ಇಲ್ಲದ ಮ್ಯಾಲೆ ವಿದ್ಯಾ ತಲಿಯೊಳಗ ಎಲ್ಲಿಂದ ಹೋಗಬೇಕ್ರಿ?”

ಪ್ರಶ್ನೆ ಹುಡುಗಾಟದ್ದಲ್ಲ. ಅಂದು ನಾಲ್ಕು ಮಾತಿನಲ್ಲಿ ಹೇಳಿದ ಉತ್ತರವನ್ನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ. ಅಂಥ ಮಗುವಿರುವ ಮನೆಗಳು ನಮ್ಮ ಓದುಗ ಬಂಧುಗಳಲ್ಲಿಯೂ ಇರಬಹುದು.

ಮನುಷ್ಯನ ಮೆದುಳು ಹೆಚ್ಚು ಕಡಿಮೆ 1.4 ಕಿಲೋ ತೂಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ಮಾತ್ರವಿದ್ದರೂ ನಾವು ಉಸಿರಾಡುವ ಆಮ್ಲಜನಕದ ಐದನೆಯ ಒಂದು ಪಾಲು ಅದಕ್ಕೇ ಬೇಕು. ಸುಮಾರು 8,600 ಕೋಟಿ ನರಕೋಶಗಳು ಅದರಲ್ಲಿವೆ. ಬೆನ್ನುಹುರಿಗೆ ಹೊಂದಿದ ಮೆದುಳು ಕಾಂಡ, ಅದರ ಹಿಂದೆ ಅಡಗಿರುವ ಅನುಮಸ್ತಿಷ್ಕ, ಇವೆರಡನ್ನೂ ಮುಚ್ಚಿಕೊಂಡಿರುವ ಮಹಾಮಸ್ತಿಷ್ಕ ಎಂಬವು ಇದರ ಪ್ರಧಾನ ಭಾಗಗಳು. ಮಹಾಮಸ್ತಿಷ್ಕವು ಅಕ್ರೋಡದ ತಿರುಳಿನಂತೆ ಎರಡು ಹೋಳಾಗಿದ್ದು, ಪ್ರತಿ ಹೋಳಿನಲ್ಲಿಯೂ ನಾಲ್ಕು ಹಾಲೆಗಳಿವೆ.

ಇವುಗಳ ಕೆಲಸವನ್ನರಿಯಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಒಳಗೆ ತಬಲಾ ನುಡಿಸುತ್ತಿದ್ದ ಆ ವಿದ್ಯಾರ್ಥಿಯನ್ನೇ ನೋಡೋಣ. ಅವನ ಉಸಿರು, ಎದೆಬಡಿತಗಳನ್ನು ಅವನರಿವಿಲ್ಲದೆ ನಡೆಸುವುದು ಮೆದುಳು ಕಾಂಡ. ಗುರುಗಳು ಹೇಳಿದ ಬೋಲನ್ನು ಕಿವಿಯಿಂದ ಸ್ವೀಕರಿಸಿ ಧ್ವನಿಭೇದವನ್ನು ಗುರುತಿಸುವುದು ಕಣತಲೆಯ ಒಳಗಿನ ಹಾಲೆ. ಕಲಿತದ್ದು ನೆನಪಾಗಿ ನಿಲ್ಲುವುದಕ್ಕೂ ಅದರ ಒಳಮಗ್ಗುಲೇ ಆಧಾರ. ಚರ್ಮದ ಹದವನ್ನು ಬೆರಳ ತುದಿಯಿಂದ ಅರಿಯುವುದು ನಡುನೆತ್ತಿಯ ಹಾಲೆ. ಈಗ ಯಾವ ಪೆಟ್ಟು, ಮುಂದೆ ಯಾವುದು ಎಂದು ಯೋಜಿಸಿ ಕೈಗೆ ಅಪ್ಪಣೆ ಕೊಡುವುದು ಹಣೆಯ ಹಿಂದಿನ ಹಾಲೆ. ಬಲಗೈಯನ್ನು ಮೆದುಳಿನ ಎಡ ಹೋಳು ಆಡಿಸಿದರೆ ಎಡಗೈಯನ್ನು ಬಲ ಹೋಳು ಆಡಿಸುತ್ತದೆ. ಎರಡೂ ಕೈ ಒಂದೇ ಲಯದಲ್ಲಿ ಸೇರಬೇಕಾದರೆ ಹೋಳುಗಳ ನಡುವಿನ ನರತಂತುಗಳ ಸೇತುವೆ ಬೇಕು; ಏಳು ವರ್ಷಕ್ಕೆ ಮೊದಲೇ ವಾದ್ಯ ಹಿಡಿದ ಸಂಗೀತಗಾರರಲ್ಲಿ ಈ ಸೇತುವೆಯ ಮುಂಭಾಗವು ಹೆಚ್ಚು ದಪ್ಪವಾಗಿರುವುದನ್ನು 1995ರಲ್ಲಿಯೇ ಗುರುತಿಸಿದ್ದಾರೆ. ಇನ್ನು ಪೆಟ್ಟು ಕೂದಲೆಳೆಯಷ್ಟೂ ಹಿಂದುಮುಂದಾಗದಂತೆ ತಿದ್ದುವುದು ಅನುಮಸ್ತಿಷ್ಕದ ಹೊಣೆ. ಮೆದುಳಿನ ತೂಕದಲ್ಲಿ ಹತ್ತನೆಯ ಒಂದು ಪಾಲಿನಷ್ಟಿರುವ ಈ ಪುಟ್ಟ ಅಂಗದಲ್ಲಿಯೇ ಎಲ್ಲ ನರಕೋಶಗಳ ಐದರಲ್ಲಿ ನಾಲ್ಕು ಪಾಲು ತುಂಬಿವೆ.

ಉಳಿದದ್ದು ಹಿಂದಲೆಯ ಹಾಲೆ. ಅದು ನೋಟದ ಕೇಂದ್ರ. ಕಣ್ಣು ಕೇವಲ ಬೆಳಕನ್ನು ಒಳಗೆ ಬಿಡುತ್ತದೆ. ರೂಪವನ್ನು ಕಾಣುವುದು ಈ ಹಾಲೆಯೇ. ಹಾಗಾದರೆ ಹುಟ್ಟಿನಿಂದ ಕಣ್ಣಿಲ್ಲದವರಲ್ಲಿ ಅದು ಏನು ಮಾಡುತ್ತದೆ? ಬಾಗಿಲು ಹಾಕಿದ ಅಂಗಡಿಯಂತೆ ಬಿದ್ದಿರುತ್ತದೆಯೆ?

ಬಹುಕಾಲ ಹಾಗೆಯೇ ತಿಳಿದಿದ್ದರು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಂದೇ ಒಂದು ಶಬ್ದವನ್ನಷ್ಟೇ ಉಚ್ಚರಿಸಬಲ್ಲ ರೋಗಿಯೊಬ್ಬನ ಮೆದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಹಣೆಯ ಹಿಂದಿನ ಹಾಲೆಯ ಎಡಭಾಗ ಕೆಟ್ಟಿದ್ದುದನ್ನು ಕಂಡನು. ಅಂದಿನಿಂದ ಒಂದೊಂದು ಜಾಗಕ್ಕೆ ಒಂದೊಂದು ಕೆಲಸ ಎಂಬ ತಿಳುವಳಿಕೆ ಗಟ್ಟಿಯಾಯಿತು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. 1996ರಲ್ಲಿ ವಿಜ್ಞಾನಿಗಳು, ಅಂಧರು ಬ್ರೈಲ್ ಅಕ್ಷರಗಳನ್ನು ಬೆರಳಿನಿಂದ ಓದುತ್ತಿರುವಾಗ ಅವರ ಮೆದುಳಿನ ಚಿತ್ರ ತೆಗೆದರು. ಕೆಲಸ ನಡೆದಿದ್ದುದು ನಡುನೆತ್ತಿಯಲ್ಲಷ್ಟೇ ಅಲ್ಲ, ಹಿಂದಲೆಯ ನೋಟದ ಕೇಂದ್ರದಲ್ಲಿಯೂ! 2000ದಲ್ಲಿ ಇನ್ನೊಂದು ಪ್ರಕರಣ ಪ್ರಕಟವಾಯಿತು. ಬ್ರೈಲ್ ಓದಿನಲ್ಲಿ ನುರಿತ, ಹುಟ್ಟಿನಿಂದ ಅಂಧಳಾದ ಮಹಿಳೆಯೊಬ್ಬಳಿಗೆ ರಕ್ತಸಂಚಾರ ಕಟ್ಟಿ ಎರಡೂ ಕಡೆಯ ಹಿಂದಲೆಯ ಹಾಲೆಗಳು ಘಾಸಿಗೊಂಡವು. ಚುಕ್ಕೆಗಳು ಬೆರಳಿಗೆ ತಾಗುತ್ತಿದ್ದವು. ಅಕ್ಷರ ಮಾತ್ರ ಕೂಡಿಬರಲಿಲ್ಲ. ಎಂದೂ ನೋಡದ ಆಕೆಗೆ ಆ ಹಾಲೆ ಓದುವ ಅಂಗವಾಗಿತ್ತು.

ಮೆದುಳಿನ ಹತ್ತರಲ್ಲಿ ಒಂದು ಪಾಲನ್ನಷ್ಟೇ ನಾವು ಬಳಸುತ್ತೇವೆಂದು ಅನೇಕರು ಭಾಷಣಗಳಲ್ಲಿ ಹೇಳುತ್ತಾರೆ. ಹಿಂದೆ ಪ್ರವಚನಗಳಲ್ಲಿ ನಾನೂ ಹೇಳಿದ್ದುಂಟು. ಅದು ತಪ್ಪು. ಮೆದುಳಿನಲ್ಲಿ ಪಾಳುಬಿದ್ದ ಭೂಮಿಯಿಲ್ಲ. ನೋಟದ ಬೆಳೆ ಬಾರದ ಹೊಲದಲ್ಲಿ ಅದು ನಾದವನ್ನೂ ಸ್ಪರ್ಶವನ್ನೂ ಬಿತ್ತಿಕೊಳ್ಳುತ್ತದೆ. ಎಳವೆಯಲ್ಲಿ ದೃಷ್ಟಿ ಕಳೆದುಕೊಂಡವರು ಸ್ವರದ ಏರಿಳಿತವನ್ನು ಕಣ್ಣುಳ್ಳವರಿಗಿಂತ ಸೂಕ್ಷ್ಮವಾಗಿ ಗುರುತಿಸುತ್ತಾರೆಂಬುದೂ 2004ರಲ್ಲಿ ಪರೀಕ್ಷೆಯಿಂದ ತಿಳಿದುಬಂದಿದೆ.

ಗದಗಿನವರಿಗೆ ಇದೇನು ಹೊಸ ಸುದ್ದಿಯಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡರಾಗಿ ಜನಿಸಿದ ಪಂಚಾಕ್ಷರ ಗವಾಯಿಗಳವರು ಹಿಂದುಸ್ತಾನಿ, ಕರ್ನಾಟಕಿ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡರು. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳವರೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಪಳಗಿಸಿಕೊಂಡ ವಾದ್ಯಗಳೆಷ್ಟು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ರಚಿಸಿದ ಗ್ರಂಥಗಳೆಷ್ಟು! ಅಂಥವರ ಪ್ರತಿಭೆಯನ್ನು ಒಂದು ಹಾಲೆಗೆ ಕಟ್ಟಿ ಅಳೆಯುವ ಉದ್ಧಟತನ ನನಗಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು ಬಾಲಕ ಪಂಚಾಕ್ಷರರನ್ನು ಕೈಹಿಡಿದು ಸಂಗೀತಕ್ಕೆ ಹಚ್ಚದಿದ್ದರೆ ಯಾವ ಹಾಲೆಯಿದ್ದು ಏನು ಪ್ರಯೋಜನವಾಗುತ್ತಿತ್ತು?

ಆ ಹಚ್ಚುವ ಕಾಲವೇ ಮುಖ್ಯ. ಹಿಂದಲೆಯ ಹಾಲೆ ಬೇರೆ ಕೆಲಸಕ್ಕೆ ಒಗ್ಗುವುದು ಬಾಲ್ಯದಲ್ಲಿ ಸುಲಭ. ಹದಿಹರೆಯ ಕಳೆದ ಮೇಲೆ ಕಣ್ಣು ಹೋದವರಲ್ಲಿ ಈ ಮಾರ್ಪಾಡು ಅಷ್ಟಾಗಿ ಕಾಣದು. ಇನ್ನೂ ಒಂದು ಮಾತು. ಹುಟ್ಟುಕುರುಡೆಲ್ಲವೂ ಗುಣವಾಗದ್ದೆಂದು ಕೈಚೆಲ್ಲಬಾರದು. ಹಸುಳೆಯ ಕಣ್ಣಪಾಪೆಯಲ್ಲಿ ಬಿಳುಪು ಕಂಡರೆ ಒಂದು ದಿನವೂ ತಡಮಾಡದೆ ನೇತ್ರತಜ್ಞರಲ್ಲಿಗೆ ಒಯ್ಯಬೇಕು. ಅದು ಹುಟ್ಟುಪೊರೆಯಾಗಿದ್ದರೆ ಮೊದಲ ಕೆಲವು ವಾರಗಳಲ್ಲಿ ಮಾಡುವ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಫಲ. ತಡವಾದ ಮಕ್ಕಳಿಗೂ ಆಸೆ ಪೂರ್ತಿ ಕಮರಿಲ್ಲ. ಪವನ ಸಿನ್ಹಾ ಎಂಬ ವಿಜ್ಞಾನಿ ಆರಂಭಿಸಿದ ‘ಪ್ರಕಾಶ್’ ಯೋಜನೆಯಲ್ಲಿ, ಎಂಟು ವರ್ಷ ದಾಟಿದ ಮೇಲೆ ಕಣ್ಣು ತೆರೆಸಿಕೊಂಡ ಉತ್ತರ ಭಾರತದ ಮಕ್ಕಳು ಕೈಯಲ್ಲಿ ಮುಟ್ಟಿದ ವಸ್ತುವನ್ನು ಕಣ್ಣಿನಿಂದ ಗುರುತಿಸಲು ಮೊದಲು ತಡವರಿಸಿದರು, ಕೆಲವೇ ದಿನಗಳಲ್ಲಿ ಕಲಿತರು. ಅವರ ನೋಟ ಪೂರ್ಣವಾಗಿ ನಿಚ್ಚಳವಾಗಲಿಲ್ಲ, ನಿಜ. ಓಡಾಡುವಷ್ಟು, ಮುಖ ಗುರುತಿಸುವಷ್ಟು ಬಂದಿತು.

ಮುಂಡರಗಿಯ ಆ ರೈತರು ಮಗನ ಕಣ್ಣನ್ನು ಮೊದಲೇ ತೋರಿಸಿದ್ದರು. ನರವೇ ಬೆಳೆದಿಲ್ಲ, ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲವೆಂದು ವೈದ್ಯರು ಹೇಳಿದ್ದರಂತೆ. ನನ್ನ ಮಾತನ್ನೆಲ್ಲ ಕೇಳಿ, “ಹಂಗಾರ ಹಿಂಗಾರಿ ಬಿತ್ತಿಗಿ ಮುಗಿಸಿ ತಂದು ಬಿಡ್ತೇವ್ರಿ” ಎಂದರು. “ಬಿತ್ತಿಗಿ ನೀವು ಮಾಡ್ರಿ, ಹುಡುಗನ್ನ ಇವತ್ತ ಬಿಟ್ಟು ಹೋಗ್ರಿ” ಎಂದೆ. ತಾಯಿ ಆಗಲೇ ಗಂಟು ಬಿಚ್ಚಿ ಅವನ ಬಟ್ಟೆಗಳನ್ನು ಬೇರೆ ಮಾಡತೊಡಗಿದ್ದಳು.