ಹಾಸನಾಂಬೆ ಸಾಲು: ದಿನ ಗೊತ್ತು, ಸಿದ್ಧತೆ ಎಲ್ಲಿ?

ಹಾಸನ: ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ಪಂಚಾಂಗ ನೋಡಬಲ್ಲ ಯಾರಿಗೂ ಇದು ಗುಟ್ಟಲ್ಲ. ಆದರೂ ಜನ ಬಂದು ನಿಂತ ಮೇಲೆಯೇ ಗಾಬರಿ ಬೀಳುವುದೇಕೆ?

2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಬಸ್ ಚಾರ್ಜಿಗೆ ಹೆದರಿ ಊರಲ್ಲೇ ಕೈಮುಗಿಯುತ್ತಿದ್ದ ಅಜ್ಜಿಯೂ ಈಗ ಹೊರಡುತ್ತಾಳೆ. ಹೊರಡಲಿ, ಅದು ಅವಳ ಹಕ್ಕು. ಆದರೆ ಅದೇ ವರ್ಷ ನವೆಂಬರ್ 10ರಂದು ಸಾಲಿನ ಬಳಿ ಕರೆಂಟ್ ತಂತಿ ತುಂಡಾಗಿ, ನೂಕುನುಗ್ಗಲಲ್ಲಿ ಹಲವರು ಆಸ್ಪತ್ರೆ ಸೇರಿದರು. 2024ರಲ್ಲಿ ಜನ ಮಿತಿಮೀರಿ ವಿಶೇಷ ಬಸ್ಸುಗಳನ್ನೇ ನಿಲ್ಲಿಸಬೇಕಾಯಿತು.

1000 ರೂಪಾಯಿ ಟಿಕೆಟ್ಟಿಗೊಂದು ಸಾಲು, 300ಕ್ಕೊಂದು ಸಾಲು, ದುಡ್ಡಿಲ್ಲದವರದು ಧರ್ಮದರ್ಶನ. ಪಾಸಿನವರು ನುಗ್ಗಿದಾಗಲೆಲ್ಲ ಮೊದಲು ನಿಂತುಹೋಗುವುದು ಈ ಧರ್ಮದ ಸಾಲೇ.

ಹೊರಡುವವರು ಲೆಕ್ಕ ಹಾಕಲಿ: ಮೊದಲ ದಿನ, ಕೊನೆಯ ದಿನ ಸಾರ್ವಜನಿಕರಿಗೆ ದರ್ಶನವಿಲ್ಲ. ಶನಿವಾರ, ಭಾನುವಾರ, ಹಬ್ಬದ ರಜೆ ಬಿಟ್ಟು ನಡುವಾರ ಬಂದರೆ ಮೇಲು. ಆಡಳಿತವೂ ಲೆಕ್ಕ ಹಾಕಲಿ: ನೆರಳು, ನೀರು, ಭದ್ರವಾದ ತಂತಿ, ಮುದುಕರಿಗೆ ಕೂರಲು ಜಾಗ. ತಾಯಿ ವರ್ಷಕ್ಕೊಮ್ಮೆ ಕಣ್ಬಿಡುತ್ತಾಳೆ, ಸರಿ. ಅಧಿಕಾರಿಗಳೂ ಆಗಲೇ ಕಣ್ಬಿಟ್ಟರೆ ಹೇಗೆ?