ಪಾಠ ನಮ್ಮದು, ಬೀಗದ ಕೈ ಯಾರದು?

2020ರ ಮಾರ್ಚ್‌ನಲ್ಲಿ ದೇಶವೇ ಸ್ತಬ್ಧವಾದಾಗ ಶಾಲಾ-ಕಾಲೇಜುಗಳು ಕೈಗೆ ಸಿಕ್ಕ ತಂತ್ರಾಂಶವನ್ನೇ ನೆಚ್ಚಿ ಪಾಠ ಮುಂದುವರಿಸಿದವು. ಆರಿಸಿ ಕೊಳ್ಳುವ ವ್ಯವಧಾನ ಆಗ ಇರಲಿಲ್ಲ. ಆ ತುರ್ತು ಕಳೆದಿದೆ, ಆದರೆ ಅಂತರ್ಜಾಲ ಬೋಧನೆ ಉಳಿದುಕೊಂಡಿದೆ. ಹೀಗಾಗಿ ಪಾಠ, ಉತ್ತರಪತ್ರಿಕೆ, ಅಂಕಪಟ್ಟಿಗಳು ಯಾರ ವಶದಲ್ಲಿರಬೇಕು ಎಂಬುದನ್ನು ಈಗ ಸಾವಧಾನವಾಗಿ ಚಿಂತಿಸಬೇಕಾಗಿದೆ. ಮಕ್ಕಳಿಗೆ ಕನ್ನಡ ಕಲಿಸುವ ಹೊರನಾಡ ಸಂಘಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಪಾಠಗಳನ್ನು ಜೋಡಿಸಿ, ಪರೀಕ್ಷೆ ನಡೆಸಿ, ಅಂಕ ದಾಖಲಿಸುವ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಇವುಗಳಲ್ಲಿ ‘ಮೂಡಲ್’ ಮುಕ್ತ ತಂತ್ರಾಂಶವಾಗಿದೆ. ಆಸ್ಟ್ರೇಲಿಯಾದ ಪರ್ತ್ ನಗರದ ಮಾರ್ಟಿನ್ ಡೂಗಿಯಾಮಾಸ್ ಅವರು ರೂಪಿಸಿದ ಇದರ ಮೊದಲ ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂದಿತು. ಇದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಪೂರ್ವ ದಿಕ್ಕಿಗೆ ಮೂಡಲು ಎನ್ನುವ ನಮಗೆ ಈ ಹೆಸರು ಆಕಸ್ಮಿಕವಾಗಿಯಾದರೂ ಆಪ್ತವೆನಿಸುತ್ತದೆ.

ಇದರ ಮಹತ್ವವನ್ನು ಒಂದು ಮೊಕದ್ದಮೆ ತೋರಿಸಿಕೊಟ್ಟಿತು. 2006ರಲ್ಲಿ ಅಮೆರಿಕದ ಬ್ಲ್ಯಾಕ್‌ಬೋರ್ಡ್ ಕಂಪನಿ ಅಂತರ್ಜಾಲ ಕಲಿಕಾ ವ್ಯವಸ್ಥೆಯ ಮೇಲೆ ಪೇಟೆಂಟ್ ಪಡೆದು, ಕೆನಡಾದ ಪ್ರತಿಸ್ಪರ್ಧಿ ಡಿಸೈರ್‌ಟುಲರ್ನ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಮುಕ್ತ ತಂತ್ರಾಂಶ ಬಳಗದವರೂ ಕಳವಳಗೊಂಡು ಆ ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಸಲ್ಲಿಸಿದರು. 2008ರಲ್ಲಿ ತೀರ್ಪುಗಾರರ ಮಂಡಳಿ ಕಂಪನಿಯ ಪರ ನಿಂತರೂ, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದರ ಹಕ್ಕು ಸಾಧನೆಯನ್ನು ತಳ್ಳಿಹಾಕಿತು. ಕಲಿಸುವ ಸಾಮಾನ್ಯ ಕ್ರಮವೂ ಒಬ್ಬರ ಖಾಸಗಿ ಸ್ವತ್ತಾಗುವ ಅಪಾಯ ಎಷ್ಟು ಹತ್ತಿರ ಬಂದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಚಿತವಾದುದೆಲ್ಲ ಸ್ವತಂತ್ರವಲ್ಲ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಸ್ಥಳ ನೀಡುತ್ತಿದ್ದ ಗೂಗಲ್, ಅದಕ್ಕೆ ಮಿತಿ ವಿಧಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಅದು ಕಂಪನಿಯ ಹಕ್ಕು. ಆದರೆ ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಮಾತು ಕೇಳಲೇಬೇಕಷ್ಟೆ. ಮೂಡಲ್‌ನಲ್ಲಿಯಾದರೆ ಇಡೀ ಪಾಠಕ್ರಮವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಬೇರೊಂದು ಸರ್ವರಿನಲ್ಲಿ ಮತ್ತೆ ತೆರೆಯಬಹುದು.

ಹಾಗೆಂದು ಸ್ವಂತ ಮನೆಗೆ ಖರ್ಚಿಲ್ಲವೆಂದಲ್ಲ. ಪರವಾನಗಿ ಶುಲ್ಕ ಇಲ್ಲದಿದ್ದರೂ ಸರ್ವರಿನ ಬಾಡಿಗೆ, ಕಾಲಕಾಲಕ್ಕೆ ಭದ್ರತಾ ಪರಿಷ್ಕರಣೆ, ನಿತ್ಯದ ಪ್ರತಿ ತೆಗೆಯುವಿಕೆ ಇವೆಲ್ಲ ತಪ್ಪಿದ್ದಲ್ಲ. ನೋಡಿಕೊಳ್ಳುವವರಿಲ್ಲದ ಮುಕ್ತ ತಂತ್ರಾಂಶವು ಬಾಗಿಲು ತೆರೆದಿಟ್ಟ ಮನೆಯಂತೆ. ಮಕ್ಕಳ ವಿವರಗಳಿರುವಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ಮಾಹಿತಿ ಬಳಕೆಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ.

ಒಂದು ಸಂಘಕ್ಕೆ ಈ ಹೊರೆ ಭಾರವೆನಿಸಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಸಂಘಗಳು ಸೇರಿ ಒಂದೇ ಸರ್ವರನ್ನು ಹಂಚಿಕೊಂಡರೆ ಹೊರೆ ಹಗುರವಾದೀತು. ಒಬ್ಬ ಶಿಕ್ಷಕಿ ಸಿದ್ಧಪಡಿಸಿದ ಒತ್ತಕ್ಷರದ ಪಾಠ ಐದು ನಗರಗಳ ಮಕ್ಕಳಿಗೂ ದೊರೆತೀತು. ನಮ್ಮಲ್ಲಿ ತಂತ್ರಾಂಶ ವೃತ್ತಿಯ ತರುಣರಿಗೇನೂ ಕೊರತೆಯಿಲ್ಲ. ಮೂಡಲ್‌ನ ಭಾಷಾಂತರ ನಡೆಯುವುದು ಸ್ವಯಂಸೇವಕರಿಂದಲೇ. ಅದರ ಕನ್ನಡ ರೂಪವನ್ನು ತಿದ್ದಿ ಬೆಳೆಸುವುದೂ ನಾಡಸೇವೆಯೇ. ಮುಂದಿನ ಸರ್ವಸದಸ್ಯರ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ.